ಹೊಲದ ಮೇಲೆ ರಸ್ತೆ ಬಂದಾಗ: ಪರಿಹಾರ ಯಾರಿಗೆ, ಎಷ್ಟು, ಹೇಗೆ?



ಈ ಅಂಕಣದಲ್ಲಿ ಬೀಜ, ಗೊಬ್ಬರ, ಮಳೆ, ಮಕ್ಕಳ ಆರೋಗ್ಯ ಇಂಥ ವಿಷಯಗಳನ್ನು ಬರೆಯುವುದು ವಾಡಿಕೆ. ಈ ಬಾರಿ ರಸ್ತೆಯ ವಿಷಯ ಬರೆಯುತ್ತಿದ್ದೇನೆ. ರಸ್ತೆಗೂ ಕೃಷಿಗೂ ಏನು ಸಂಬಂಧ ಎಂದು ಕೇಳಬೇಡಿ. ಹೊಲವೇ ರಸ್ತೆಯಾದರೆ ಬೀಜದ ಮಾತು ಎಲ್ಲಿ ಉಳಿಯಿತು?

ನಮ್ಮ ಗಡಿ ಸೀಮೆಯ ರಸ್ತೆಗಳು ಹಿಂದೆಂದೂ ಇಲ್ಲದಷ್ಟು ವೇಗವಾಗಿ ಅಗಲವಾಗುತ್ತಿವೆ. ಪುಣೆ–ಹೈದರಾಬಾದ್ ಹೆದ್ದಾರಿ, ಅಂದರೆ ಹಿಂದಿನ 9ನೇ ನಂಬರಿನ ಹೆದ್ದಾರಿ, ಈಗ 65ನೇ ನಂಬರಾಗಿ ಜಹೀರಾಬಾದಿನ ಮೇಲೆ ನಾಲ್ಕು ಪಥವಾಗಿ ಹಾದುಹೋಗಿದೆ. ಸಂಗಾರೆಡ್ಡಿಯಿಂದ ನಾಂದೇಡ, ಅಕೋಲಾ ಕಡೆಗೆ ಹೋಗುವ 161ನೇ ಹೆದ್ದಾರಿಯಲ್ಲಿ ಕಂದಿಯಿಂದ ರಾಮಸಾನಪಲ್ಲಿಯವರೆಗಿನ 40 ಕಿಲೋಮೀಟರ್ ನಾಲ್ಕು ಪಥದ ರಸ್ತೆ 2024ರ ಮಾರ್ಚ್ 5ರಂದು ಉದ್ಘಾಟನೆಯಾಯಿತು. ನಿಜಾಂಪೇಟೆಯಿಂದ ನಾರಾಯಣಖೇಡದ ಮೇಲೆ ಬೀದರಿಗೆ ಹೋಗುವ ರಸ್ತೆ ಮತ್ತು ಮಹಬೂಬನಗರದಿಂದ ತಾಂಡೂರಿನ ಮೇಲೆ ಚಿಂಚೋಳಿಗೆ ಹೋಗುವ ರಸ್ತೆ ಎರಡೂ ಈಗ ರಾಷ್ಟ್ರೀಯ ಹೆದ್ದಾರಿಗಳ ಪಟ್ಟಿಯಲ್ಲಿವೆ. ಜಹೀರಾಬಾದಿನ ಕೈಗಾರಿಕಾ ನಗರಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಕೂಡುವ ರಸ್ತೆಗಳೂ ಬಂದೇ ಬರುತ್ತವೆ.

ಒಳ್ಳೆಯ ರಸ್ತೆ ಬೇಡವೆಂದು ಯಾರೂ ಹೇಳಲಾರರು. 2025ರ ನವೆಂಬರ್ 3ರ ಬೆಳಿಗ್ಗೆ ತಾಂಡೂರಿನಿಂದ ಹೈದರಾಬಾದಿಗೆ ಹೊರಟಿದ್ದ ಸರಕಾರಿ ಬಸ್ಸಿಗೆ ಚೇವೆಳ್ಳದ ಹತ್ತಿರ ಜಲ್ಲಿ ತುಂಬಿದ ಟಿಪ್ಪರ್ ಬಡಿದು ಕನಿಷ್ಠ 19 ಜನ ಪ್ರಾಣ ಬಿಟ್ಟರು. ಆ ಇಕ್ಕಟ್ಟಾದ ರಸ್ತೆಯ ಅಗಲೀಕರಣ ವರ್ಷಗಟ್ಟಲೆ ನಿಂತುಹೋಗಿತ್ತು. ಹೆರಿಗೆ ನೋವಿನ ಹೆಣ್ಣುಮಗಳನ್ನು ಆಸ್ಪತ್ರೆಗೆ ಮುಟ್ಟಿಸುವುದೂ ರಸ್ತೆಯೇ, ತೊಗರಿಯನ್ನು ಮಾರುಕಟ್ಟೆಗೆ ಮುಟ್ಟಿಸುವುದೂ ರಸ್ತೆಯೇ. ಆದರೆ ರಸ್ತೆಯ ಲಾಭ ಊರಿಗೆಲ್ಲ ಹಂಚಿಹೋಗುತ್ತದೆ. ಅದರ ನಷ್ಟ ಮಾತ್ರ ಅಂಚಿನಲ್ಲಿರುವ ಹತ್ತಿಪ್ಪತ್ತು ಮನೆಗಳ ಮೇಲೆ ಬೀಳುತ್ತದೆ. ಆ ನಷ್ಟವನ್ನು ತುಂಬಿಕೊಡುವುದು ಸರಕಾರದ ದಯೆಯಲ್ಲ, ಅದು ತೀರಿಸಬೇಕಾದ ಸಾಲ. ಈ ಸಾಲ ಕಾಗದದಲ್ಲಿ ಹೆಸರಿದ್ದವನ ಮನೆಗೆ ಬರುತ್ತದೆ, ಹೆಸರಿಲ್ಲದವನ ಮನೆ ದಾಟಿ ಹೋಗುತ್ತದೆ. ಆದ್ದರಿಂದ ರಸ್ತೆ ಬರುವ ಮೊದಲೇ ತಿಳಿದುಕೊಳ್ಳಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಕೊಡುತ್ತೇನೆ.

ಯಾವ ರಸ್ತೆಗೆ ಯಾವ ಕಾನೂನು?

ಮೊದಲು ಕೇಳಬೇಕಾದ ಪ್ರಶ್ನೆ ಇದು: ಬರುತ್ತಿರುವುದು ಯಾರ ರಸ್ತೆ?

ರಾಷ್ಟ್ರೀಯ ಹೆದ್ದಾರಿಯಾದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ನಡೆಯುತ್ತದೆ. ಮೊದಲು '3-ಎ' ಎಂಬ ಅಧಿಸೂಚನೆ ಹೊರಡುತ್ತದೆ. ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರುತ್ತದೆ, ಒಂದು ಸ್ಥಳೀಯ ಭಾಷೆಯದ್ದು. ಅಧಿಸೂಚನೆ ಪ್ರಕಟವಾದ 21 ದಿನಗಳ ಒಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ನಮ್ಮ ಕಡೆ ಈ ಪ್ರಕಟಣೆ ತೆಲುಗು ಪತ್ರಿಕೆಯಲ್ಲಿ ಬರುತ್ತದೆ. ಮನೆಯಲ್ಲಿ ಕನ್ನಡ ಮಾತ್ರ ಓದುವ ಹಿರಿಯರಿಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ತೆಲುಗು ಶಾಲೆಯಲ್ಲಿ ಓದಿದ ಮಕ್ಕಳು, ಮೊಮ್ಮಕ್ಕಳು ಈ ಕೆಲಸಕ್ಕೆ ಮುಂದೆ ಬರಬೇಕು.

ರಾಜ್ಯದ ರಸ್ತೆಗೆ ಭೂಮಿ ತೆಗೆದುಕೊಂಡರೆ 2013ರ ಭೂಸ್ವಾಧೀನ ಕಾಯ್ದೆ ನಡೆಯುತ್ತದೆ. ಇದು 2014ರ ಜನವರಿ 1ರಿಂದ ಜಾರಿಗೆ ಬಂದು, ಬ್ರಿಟಿಷರ ಕಾಲದ 1894ರ ಕಾಯ್ದೆಯನ್ನು ತೆಗೆದುಹಾಕಿತು. ಇಲ್ಲಿ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆಗೆ 60 ದಿನಗಳ ಅವಕಾಶವಿದೆ. ಪರಿಹಾರದ ಲೆಕ್ಕ ಮಾತ್ರ ಈಗ ಎರಡಕ್ಕೂ ಒಂದೇ. 2015ರ ಜನವರಿ 1ರಿಂದ ಹೆದ್ದಾರಿಗೆ ಹೋಗುವ ಭೂಮಿಗೂ 2013ರ ಕಾಯ್ದೆಯ ದರದಲ್ಲೇ ಪರಿಹಾರ ಕೊಡಬೇಕು. ಅದಕ್ಕೂ ಮೊದಲು, 1997ರಿಂದ 2015ರ ನಡುವೆ, ಹೆದ್ದಾರಿಗೆ ಭೂಮಿ ಕಳೆದುಕೊಂಡವರಿಗೆ ಸೊಲೇಶಿಯಂ ಎಂಬ ಸಾಂತ್ವನ ಧನವೂ ಅದರ ಬಡ್ಡಿಯೂ ಇರಲಿಲ್ಲ. ಅದು ಅನ್ಯಾಯವೆಂದು 2019ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆ ಕಾಲದಲ್ಲಿ ಭೂಮಿ ಕೊಟ್ಟವರು ನಿಮ್ಮಲ್ಲಿದ್ದರೆ ಹಳೆಯ ಕಾಗದಗಳನ್ನು ಒಬ್ಬ ವಕೀಲರಿಗೆ ತೋರಿಸಿ.

ಮೂರನೆಯದು ಹಳ್ಳಿಯ ರಸ್ತೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಭೂಮಿ ಕೊಳ್ಳಲು ಹಣವೇ ಇಲ್ಲ. ಭೂಮಿ ಒದಗಿಸುವುದು ರಾಜ್ಯದ ಹೊಣೆ. ಹೆಚ್ಚಾಗಿ ರೈತರೇ ಅದನ್ನು ದಾನವಾಗಿ ಬಿಟ್ಟುಕೊಡುತ್ತಾರೆ. ಈ ದಾನದ ವಿಷಯಕ್ಕೆ ಮುಂದೆ ಬರುತ್ತೇನೆ.

ಬೆಲೆ ಹೇಗೆ ಕಟ್ಟುತ್ತಾರೆ?

ಮಾರುಕಟ್ಟೆ ಬೆಲೆಯೇ ಪರಿಹಾರದ ಬುನಾದಿ. ರಿಜಿಸ್ಟ್ರೇಷನ್‌ಗೆ ಸರಕಾರ ಗೊತ್ತುಮಾಡಿದ ಬೆಲೆಯನ್ನು ಒಂದು ಕಡೆ ಇಡುತ್ತಾರೆ. ಇನ್ನೊಂದು ಕಡೆ, ಅಕ್ಕಪಕ್ಕದ ಅಂಥದೇ ಭೂಮಿಯ ಕಳೆದ ಮೂರು ವರ್ಷಗಳ ಕ್ರಯಪತ್ರಗಳನ್ನು ತೆಗೆದು, ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಆರಿಸಿ ಸರಾಸರಿ ಹಾಕುತ್ತಾರೆ. ಹತ್ತು ಕ್ರಯಪತ್ರಗಳಿದ್ದರೆ ಮೇಲಿನ ಐದರ ಸರಾಸರಿ. ಎರಡರಲ್ಲಿ ಯಾವುದು ಹೆಚ್ಚೋ ಅದೇ ಮಾರುಕಟ್ಟೆ ಬೆಲೆ.

ಇಲ್ಲೊಂದು ಮಾತು ಹೇಳಲೇಬೇಕು. ಎಂಟು ಲಕ್ಷಕ್ಕೆ ಹೊಲ ಕೊಂಡು, ಸ್ಟಾಂಪ್ ಖರ್ಚು ಉಳಿಸಲು ಎರಡು ಲಕ್ಷವೆಂದು ಬರೆಸುವ ಅಭ್ಯಾಸ ನಮ್ಮ ಊರುಗಳಲ್ಲಿದೆ. ಆ ದಿನ ಕೆಲವು ಸಾವಿರ ಉಳಿಯಬಹುದು. ಆದರೆ ನಾಳೆ ರಸ್ತೆ ಬಂದಾಗ ಅಧಿಕಾರಿಯ ಮುಂದೆ ಇರುವುದು ಆ ಎರಡು ಲಕ್ಷದ ಕಾಗದವೇ. ಕೊಂಡವನು ಮಾತ್ರವಲ್ಲ, ಅಕ್ಕಪಕ್ಕದ ರೈತರೆಲ್ಲ ಅದರ ಫಲ ಉಣ್ಣುತ್ತಾರೆ. ಸುಳ್ಳು ಬರೆಸುವುದು ಪಾಪವೆಂದು ಧರ್ಮೋಪದೇಶದಲ್ಲಿ ಕೇಳಿದ್ದೀರಿ. ಅದು ನಷ್ಟದ ವ್ಯಾಪಾರವೂ ಹೌದು ಎಂದು ಇಲ್ಲಿ ಸೇರಿಸುತ್ತೇನೆ.

ಮಾರುಕಟ್ಟೆ ಬೆಲೆ ಗೊತ್ತಾದ ಮೇಲೆ ಹಳ್ಳಿಯ ಭೂಮಿಯಾದರೆ ಅದನ್ನು 1ರಿಂದ 2ರ ಒಳಗಿನ ಒಂದು ಅಂಕಿಯಿಂದ ಗುಣಿಸುತ್ತಾರೆ. ಅದಕ್ಕೆ ಮರ, ಬಾವಿ, ಕೊಟ್ಟಿಗೆ, ಮನೆಗಳ ಬೆಲೆ ಕೂಡಿಸುತ್ತಾರೆ. ಆ ಮೊತ್ತದಷ್ಟೇ ಹಣವನ್ನು ಮತ್ತೆ ಸಾಂತ್ವನ ಧನವಾಗಿ ಸೇರಿಸುತ್ತಾರೆ. ಕೊನೆಗೆ, ಅಧಿಸೂಚನೆಯ ದಿನದಿಂದ ಪರಿಹಾರದ ಆದೇಶವಾಗುವವರೆಗೆ, ಅಥವಾ ಅದಕ್ಕೂ ಮೊದಲೇ ಭೂಮಿ ವಶಕ್ಕೆ ಪಡೆದರೆ ಆ ದಿನದವರೆಗೆ, ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇಕಡ 12ರಂತೆ ಹೆಚ್ಚುವರಿ ಹಣ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಎಕರೆಗೆ 10 ಲಕ್ಷ ಬೆಲೆಯಿರುವ ಹೊಲದಲ್ಲಿ 10 ಗುಂಟೆ ರಸ್ತೆಗೆ ಹೋಯಿತು ಎನ್ನಿ. 40 ಗುಂಟೆಗೆ ಒಂದು ಎಕರೆ, ಆದ್ದರಿಂದ ಅದರ ಬೆಲೆ 2.5 ಲಕ್ಷ. ಗುಣಿಸುವ ಅಂಕಿ 1.5 ಎಂದಿಟ್ಟುಕೊಂಡರೆ 3.75 ಲಕ್ಷ. ಮರ ಮತ್ತು ಪೈಪುಗಳಿಗೆ 50 ಸಾವಿರ ಸೇರಿಸಿದರೆ 4.25 ಲಕ್ಷ. ಸಾಂತ್ವನ ಧನ ಮತ್ತೆ 4.25 ಲಕ್ಷ. ಅಲ್ಲಿಗೆ 8.5 ಲಕ್ಷವಾಯಿತು. ಒಂದು ವರ್ಷ ಕಳೆದಿದ್ದರೆ 2.5 ಲಕ್ಷದ ಮೇಲೆ ಶೇಕಡ 12, ಅಂದರೆ 30 ಸಾವಿರ. ಒಟ್ಟು 8.8 ಲಕ್ಷ. ಮರ ಮತ್ತು ಪೈಪು ಬರೆಸದೆ ಬಿಟ್ಟರೆ ಕಳೆದುಕೊಳ್ಳುವುದು 50 ಸಾವಿರವಲ್ಲ, ಒಂದು ಲಕ್ಷ ಎಂಬುದನ್ನು ಗಮನಿಸಿ. ಈ ಕಾಯ್ದೆಯಡಿ ಬಂದ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ.

ಹೋದ ಗುಂಟೆಗೆ ಮಾತ್ರವಲ್ಲ

ರಸ್ತೆ ಹೊಲದ ನಡುವೆ ಹಾದರೆ ಬಾವಿ ಒಂದು ಕಡೆ, ಬೆಳೆ ಇನ್ನೊಂದು ಕಡೆ ಉಳಿಯುತ್ತದೆ. ಎತ್ತು, ಟ್ರ್ಯಾಕ್ಟರು ದಾಟಲು ದಾರಿಯಿಲ್ಲ. ಉಳಿದದ್ದು ಮೂಲೆಯ ತುಂಡು. ಹೀಗೆ ಹೊಲ ಹೋಳಾದ ನಷ್ಟ, ನಿಂತ ಬೆಳೆಯ ನಷ್ಟ, ಉಳಿದ ಆಸ್ತಿಗೆ ಅಥವಾ ದುಡಿಮೆಗೆ ಆದ ಹಾನಿ, ಮನೆ ಅಥವಾ ಅಂಗಡಿ ಬೇರೆಡೆಗೆ ಸಾಗಿಸುವ ಖರ್ಚು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು 2013ರ ಕಾಯ್ದೆಯ 28ನೇ ಕಲಮು ಹೇಳುತ್ತದೆ. ಮನೆಯ ಒಂದು ಭಾಗ ಮಾತ್ರ ಬೇಕೆಂದು ಅಧಿಕಾರಿ ಗುರುತು ಹಾಕಿದರೆ ಇಡೀ ಮನೆಯನ್ನೇ ತೆಗೆದುಕೊಳ್ಳಿ ಎಂದು ಕೇಳುವ ಹಕ್ಕೂ ಮಾಲೀಕನಿಗಿದೆ. ಅರ್ಧ ಗೋಡೆ ಕೆಡವಿದ ಮನೆಯಲ್ಲಿ ಯಾರು ಬಾಳುತ್ತಾರೆ?

ಜಂಟಿ ಅಳತೆಯ ದಿನ ಅಧಿಕಾರಿಗಳು ಬಂದಾಗ ಹೊಲದಲ್ಲಿ ನೀವೇ ಇರಬೇಕು. ಹುಣಸೆ, ಮಾವು, ಬೇವು ಒಂದೊಂದನ್ನೂ ಎಣಿಸಿ ಬರೆಸಿ. ಬೋರು, ಮೋಟರು, ನೆಲದೊಳಗಿನ ಪೈಪು, ಕಲ್ಲಿನ ಬದು ಎಲ್ಲ ಬರೆಸಿ. ಪಂಚನಾಮೆ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.

ಭೂಮಿಯಿಲ್ಲದವರ ಹಕ್ಕು

ಇದು ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಪರಿಹಾರ ಅಂದರೆ ಪಟ್ಟಾದಾರನಿಗೆ ಮಾತ್ರ ಎಂದು ನಮ್ಮವರು ತಿಳಿದಿದ್ದಾರೆ. ಅದು ತಪ್ಪು.

2013ರ ಕಾಯ್ದೆ 'ಬಾಧಿತ ಕುಟುಂಬ' ಎಂದು ಕರೆಯುವುದು ಭೂಮಿ ಕಳೆದುಕೊಂಡವರನ್ನು ಮಾತ್ರವಲ್ಲ. ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಆ ಪ್ರದೇಶದಲ್ಲಿ ಕೂಲಿ ಮಾಡಿದವರು, ಕೌಲಿಗೆ ಅಥವಾ ಪಾಲಿಗೆ ಮಾಡಿದವರು, ಕಸುಬುದಾರರು, ಅಂದರೆ ಆ ಭೂಮಿಯಿಂದಲೇ ಮುಖ್ಯವಾಗಿ ಬದುಕಿದವರು, ಅವರೂ ಬಾಧಿತರೇ. ಸರಕಾರ ಹಂಚಿದ ಅಸೈನ್ಡ್ ಭೂಮಿಯವರೂ ಭೂಮಾಲೀಕರ ಲೆಕ್ಕಕ್ಕೆ ಬರುತ್ತಾರೆ. ಅಂಥ ಭೂಮಿಯನ್ನು ಸಾರ್ವಜನಿಕ ಕೆಲಸಕ್ಕೆ ಹಿಂತೆಗೆದುಕೊಂಡಾಗ ಸ್ವಂತ ಪಟ್ಟಾದವರಿಗೆ ಸಮನಾಗಿ ಪರಿಹಾರ ಕೊಡಬೇಕೆಂದು 2004ರಲ್ಲೇ ಆಂಧ್ರಪ್ರದೇಶ ಹೈಕೋರ್ಟಿನ ವಿಸ್ತೃತ ಪೀಠ ಹೇಳಿತ್ತು. ಆ ಮೊಕದ್ದಮೆ ನಮ್ಮ ತಾಂಡೂರು ದಾರಿಯ ಚೇವೆಳ್ಳ ವಿಭಾಗದ ಭೂಸ್ವಾಧೀನ ಅಧಿಕಾರಿಗೆ ಸಂಬಂಧಿಸಿದ್ದು.

ಈ ಹಕ್ಕಿಗಾಗಿ ಹೋರಾಡಿದವರು ದೂರದವರಲ್ಲ. ಜಹೀರಾಬಾದಿನ ನ್ಯಾಲಕಲ್ ಮತ್ತು ಝರಾಸಂಗಂ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕೆ ಸುಮಾರು 12,600 ಎಕರೆ ಬೇಕೆಂದು ಗುರುತಿಸಿದ್ದರು. 2015ರ ಜುಲೈ 30ರಂದು ತೆಲಂಗಾಣ ಸರಕಾರ 123ನೇ ನಂಬರಿನ ಆದೇಶ ಹೊರಡಿಸಿ, 2013ರ ಕಾಯ್ದೆಯ ದಾರಿಯನ್ನು ಬಿಟ್ಟು, ರೈತರಿಂದ ನೇರವಾಗಿ ಭೂಮಿ ಕೊಳ್ಳತೊಡಗಿತು. ಮಾರಿದ ರೈತನಿಗೆ ಹಣ ಸಿಕ್ಕಿತು. ಆ ಹೊಲದಲ್ಲಿ ಕಳೆ ಕಿತ್ತು, ಕೊಯ್ಲು ಮಾಡಿ ಬದುಕಿದ ಕೂಲಿಯವರಿಗೆ ಏನೂ ಇರಲಿಲ್ಲ. ಆ ಭಾಗದ ಕೃಷಿ ಕಾರ್ಮಿಕರು ಹೈಕೋರ್ಟಿಗೆ ಹೋದರು. 2016ರ ಆಗಸ್ಟ್ 3ರಂದು ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಸರಕಾರ ಮೇಲ್ಮನವಿಗೆ ಹೋಯಿತು. ಆದರೆ ಅದೇ ತಿಂಗಳು ಭೂಮಿಯಿಲ್ಲದ ಕುಟುಂಬಗಳ ಪುನರ್ವಸತಿಗೆ ಬೇರೆ ಆದೇಶಗಳನ್ನೂ ಹೊರಡಿಸಬೇಕಾಯಿತು. ಒಂದು ಗುಂಟೆ ಭೂಮಿಯೂ ಇಲ್ಲದ ಬಡವರು ಕೇಳಿದ್ದರಿಂದ ಆದ ಕೆಲಸ ಇದು.

ಮುಂದೆ 2017ರಲ್ಲಿ ತೆಲಂಗಾಣ ತನ್ನದೇ ತಿದ್ದುಪಡಿ ಕಾಯ್ದೆ ತಂದಿತು. ಅದರಲ್ಲಿ ಎರಡು ಸಂಗತಿ ನೆನಪಿಡಿ. ರೈತನ ಒಪ್ಪಿಗೆಯಿಂದ ನೇರ ಒಪ್ಪಂದ ಮಾಡಿಕೊಳ್ಳಬಹುದು, ಮತ್ತು ಪುನರ್ವಸತಿಯ ಬದಲು ಒಂದೇ ಗಂಟಿನಲ್ಲಿ ಹಣ ಕೊಡಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದ ಮೇಲೆ ಹೆಚ್ಚಿಗೆ ಕೇಳುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಆದ್ದರಿಂದ ಮೊತ್ತದಲ್ಲಿ ಏನೇನು ಸೇರಿದೆ ಎಂದು ಕೇಳದೆ ಸಹಿ ಹಾಕಬೇಡಿ.

ಪುನರ್ವಸತಿಯಲ್ಲಿ ಏನೇನು ಇದೆ? 2013ರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಹೀಗಿದೆ:

- ಮನೆ ಹೋದರೆ ಮನೆ. ಸ್ವಂತ ಜಾಗವಿಲ್ಲದಿದ್ದರೂ ಮೂರು ವರ್ಷ ಅಲ್ಲೇ ವಾಸವಿದ್ದ ಕುಟುಂಬಕ್ಕೂ ಇದು ಸಲ್ಲುತ್ತದೆ.
- ಯೋಜನೆಯಲ್ಲಿ ಉದ್ಯೋಗ ಹುಟ್ಟಿದರೆ ಒಬ್ಬರಿಗೆ ಕೆಲಸ, ಇಲ್ಲವೇ ಕುಟುಂಬಕ್ಕೆ ಒಂದೇ ಸಲ 5 ಲಕ್ಷ ರೂಪಾಯಿ, ಇಲ್ಲವೇ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚುವ ತಿಂಗಳಿಗೆ ಕನಿಷ್ಠ 2,000 ರೂಪಾಯಿ 20 ವರ್ಷ.
- ನೆಲೆ ಕಳೆದುಕೊಂಡ ಕುಟುಂಬಕ್ಕೆ ಒಂದು ವರ್ಷ ತಿಂಗಳಿಗೆ 3,000 ರೂಪಾಯಿ, ಸಾಮಾನು ಸಾಗಿಸಲು 50,000 ರೂಪಾಯಿ.
- ದನದ ಕೊಟ್ಟಿಗೆ ಅಥವಾ ಚಿಕ್ಕ ಅಂಗಡಿಗೆ ಕನಿಷ್ಠ 25,000 ರೂಪಾಯಿ. ಕಸುಬುದಾರರಿಗೂ ಸಣ್ಣ ವ್ಯಾಪಾರಿಗಳಿಗೂ ಕನಿಷ್ಠ 25,000 ರೂಪಾಯಿ.
- ಒಂದು ಸಲದ ಪುನರ್ವಸತಿ ಭತ್ಯೆ 50,000 ರೂಪಾಯಿ.

ರಸ್ತೆ ಬದಿಯ ಚಹಾ ಅಂಗಡಿ, ಸೈಕಲ್ ಪಂಕ್ಚರ್ ಅಂಗಡಿ, ಚಮ್ಮಾರಿಕೆ, ಕಮ್ಮಾರಿಕೆ ಮಾಡುವವರು ಸರಕಾರಿ ಜಾಗದಲ್ಲಿ ಕೂತಿದ್ದರೆ ಜಾಗದ ಬೆಲೆ ಸಿಗದು. ಆದರೆ ದುಡಿಮೆ ಹೋದದ್ದಕ್ಕೆ ಕೇಳಬಹುದು. ಕೇಳದೆ ಇದು ಬರುವುದಿಲ್ಲ. ಕೇಳಲು ರುಜುವಾತು ಬೇಕು: ಕರೆಂಟ್ ಬಿಲ್ಲು, ಪಂಚಾಯತಿ ತೆರಿಗೆ ರಸೀತಿ, ರೇಷನ್ ಕಾರ್ಡು, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಅಂಗಡಿಯ ಫೋಟೋ.

ಪೆಟ್ಟಿಗೆಯಲ್ಲಿರುವ ಹಳೆಯ ಕಾಗದ

ನಮ್ಮ ಸೀಮೆಯ ಕಾಗದಗಳಿಗೆ ಒಂದು ಬೇರೆಯೇ ಚರಿತ್ರೆ ಇದೆ. 1956ರ ನವೆಂಬರ್ 1ರವರೆಗೆ ನಾರಾಯಣಖೇಡ ಮತ್ತು ಜಹೀರಾಬಾದ್ ತಾಲ್ಲೂಕುಗಳು ಬೀದರ್ ಜಿಲ್ಲೆಯವು, ತಾಂಡೂರು ಮತ್ತು ಕೊಡಂಗಲ್ ಗುಲ್ಬರ್ಗ ಜಿಲ್ಲೆಯವು. ರಾಜ್ಯಗಳ ಪುನರ್‌ವಿಂಗಡಣೆಯಲ್ಲಿ ಇವು ತೆಲಂಗಾಣದ ಭಾಗಕ್ಕೆ ಸೇರಿದವು. ಜಹೀರಾಬಾದ್, ನಾರಾಯಣಖೇಡಗಳು ಮೆದಕ್ ಜಿಲ್ಲೆಯಾಗಿ, 2016ರ ಅಕ್ಟೋಬರ್ 11ರಿಂದ ಸಂಗಾರೆಡ್ಡಿ ಜಿಲ್ಲೆಯಾದವು. ತಾಂಡೂರು ಈಗ ವಿಕಾರಾಬಾದ್ ಜಿಲ್ಲೆ. ಭೂದಾಖಲೆಗಳಲ್ಲಿ ಮೂಲವೆಂದು ಇಂದಿಗೂ ಕೇಳುವ 1954–55ರ ಖಾಸ್ರಾ ಪಹಣಿ ಆದದ್ದು ಈ ಬದಲಾವಣೆಗೆ ಸ್ವಲ್ಪ ಮೊದಲು. ಅಜ್ಜನ ಪೆಟ್ಟಿಗೆಯಲ್ಲಿ ಬೀದರ್ ಅಥವಾ ಗುಲ್ಬರ್ಗ ಎಂಬ ಹೆಸರಿನ ಉರ್ದು ಕಾಗದ ಸಿಕ್ಕರೆ ಅದನ್ನು ರದ್ದಿ ಎಂದು ಬಿಸಾಡಬೇಡಿ. ಅದು ನಿಮ್ಮ ಹೊಲದ ಬೇರು.

ಇತ್ತೀಚೆಗೆ ದಾಖಲೆಗಳು ಕಂಪ್ಯೂಟರಿಗೆ ಹೋದವು. 2020ರ ಅಕ್ಟೋಬರ್ 29ರಂದು ಧರಣಿ ಬಂತು. 2025ರ ಏಪ್ರಿಲ್ 14ರಂದು ಅದರ ಜಾಗದಲ್ಲಿ ಭೂಭಾರತಿ ಬಂತು. ಈ ಬದಲಾವಣೆಗಳಲ್ಲಿ ಹೆಸರು ತಪ್ಪಿದವರು, ಗುಂಟೆ ಕಡಿಮೆಯಾದವರು ನಮ್ಮಲ್ಲಿ ಇರಬಹುದು. ತಂದೆ ತೀರಿಕೊಂಡು ವರ್ಷಗಳಾದರೂ ವಿರಾಸತ್ ಮಾಡಿಸದೆ ಸತ್ತವರ ಹೆಸರಲ್ಲೇ ಭೂಮಿ ಬಿಟ್ಟವರೂ ಇರಬಹುದು. ಬರೀ ಬಿಳಿ ಕಾಗದದ ಮೇಲೆ ಸಾದಾ ಬೈನಾಮಾ ಬರೆಸಿಕೊಂಡು ಉಳುತ್ತಿರುವವರು ಇನ್ನೂ ಇಕ್ಕಟ್ಟಿನಲ್ಲಿದ್ದಾರೆ. ರಸ್ತೆಯ ಅಧಿಸೂಚನೆ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಈ ಬೇಸಿಗೆಯಲ್ಲೇ ತಹಸೀಲ್ದಾರರ ಕಚೇರಿಗೆ ಹೋಗಿ ನಿಮ್ಮ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಮೂರನ್ನೂ ನೋಡಿ ಬನ್ನಿ.

ಹೆಣ್ಣುಮಕ್ಕಳ ಪಾಲು

ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ತಂದೆ ವಿಲ್ ಬರೆಯದೆ ತೀರಿಕೊಂಡರೆ ಅವರ ವಿಧವೆಗೆ ಮೂರನೇ ಒಂದು ಭಾಗ. ಉಳಿದ ಎರಡು ಭಾಗ ಮಕ್ಕಳಿಗೆ ಸಮಪಾಲು, ಗಂಡೆಂದೂ ಹೆಣ್ಣೆಂದೂ ಭೇದವಿಲ್ಲ. ಪರಿಹಾರದ ಹಣಕ್ಕೂ ಇದೇ ನ್ಯಾಯ. ಮದುವೆಯಾಗಿ ಹೋದ ತಂಗಿಯ ಬಳಿ ಏನೂ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದು ಕ್ರೈಸ್ತರಿಗೆ ಒಪ್ಪುವ ಕೆಲಸವಲ್ಲ.

2013ರ ಕಾಯ್ದೆಯಲ್ಲಿ ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟ ಹೆಂಗಸು ಇವರೆಲ್ಲ ಪ್ರತ್ಯೇಕ ಕುಟುಂಬವೆಂದೇ ಲೆಕ್ಕ. ವಯಸ್ಸಿಗೆ ಬಂದ ಮಗ ಅಥವಾ ಮಗಳು, ಮದುವೆಯಾಗದಿದ್ದರೂ, ಬೇರೆ ಕುಟುಂಬ. ಒಂದೇ ಒಲೆಯಲ್ಲಿ ಉಣ್ಣುತ್ತೀರಿ ಎಂದು ಒಂದೇ ಹೆಸರು ಬರೆದುಕೊಂಡರೆ ತಿದ್ದಿಸಿ. ಹೊಸ ಮನೆಯ ಜಾಗವನ್ನು ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಕೊಡಲು ಅವಕಾಶವಿದೆ. ಹಾಗೆಯೇ ಕೇಳಿ.

ದಾನ ಕೊಡುವ ಮುನ್ನ

ಹಳ್ಳಿ ರಸ್ತೆಗೆ ಬಯಲು ಸೀಮೆಯಲ್ಲಿ ಅಂಚುಗಳೂ ಸೇರಿ 7.5 ಮೀಟರ್ ಅಗಲ ಬೇಕು. ಈಗಿರುವ ಬಂಡಿದಾರಿ 4 ಮೀಟರ್ ಇದ್ದರೆ ಇನ್ನೂ 3.5 ಮೀಟರ್ ಬೇಕು. ಅದೆಲ್ಲ ಒಬ್ಬನ ಕಡೆಯಿಂದಲೇ ಹೋಗಿ, ಅವನ ಹೊಲ ದಾರಿಗುಂಟ 100 ಮೀಟರ್ ಇದ್ದರೆ, 350 ಚದರ ಮೀಟರ್, ಅಂದರೆ ಸುಮಾರು ಮೂರೂವರೆ ಗುಂಟೆ ಹೋಗುತ್ತದೆ. ಹತ್ತೆಕರೆಯವನಿಗೆ ಅದು ಲೆಕ್ಕಕ್ಕಿಲ್ಲ. ಇಪ್ಪತ್ತು ಗುಂಟೆಯವನಿಗೆ ಅದು ಒಂದು ತಿಂಗಳ ಅನ್ನ.

ಮನಸಾರೆ ಕೊಟ್ಟದ್ದು ದಾನ, ಹೆದರಿ ಕೊಟ್ಟದ್ದು ದಾನವಲ್ಲ. ಊರ ದೊಡ್ಡವರು ತಮ್ಮ ಹೊಲ ಉಳಿಸಿ ಗೆರೆಯನ್ನು ಬಡವನ ಕಡೆ ತಿರುಗಿಸುವುದು ಹೊಸದಲ್ಲ. ಆದ್ದರಿಂದ ಗೆರೆ ಹಾಕುವ ಮೊದಲು ಊರಿನವರೆಲ್ಲ ಇಂಜಿನಿಯರರ ಜೊತೆ ಆ ದಾರಿಯುದ್ದಕ್ಕೂ ನಡೆದು ನೋಡಬೇಕು. ಎರಡೂ ಕಡೆಯಿಂದ ಸಮನಾಗಿ ತೆಗೆಯಿರಿ ಎಂದು ಗ್ರಾಮಸಭೆಯಲ್ಲಿ ಕೇಳಿ. ಸ್ವಲ್ಪವೇ ಭೂಮಿಯಿರುವವರು, ವಿಧವೆಯರು ಕೊಡಲಾರೆ ಎಂದರೆ ಅವರ ಪರ ನಿಲ್ಲುವುದು ಉಳಿದವರ ಕರ್ತವ್ಯ. ಕೊಡುವುದಾದರೂ ಅಳತೆ ಬರೆಸಿ, ಪ್ರತಿ ಇಟ್ಟುಕೊಳ್ಳಿ.

ಮಣ್ಣು, ನೀರು, ಆರೋಗ್ಯ

ರಸ್ತೆ ಏರಿಸಿದಾಗ ನೀರಿನ ಹರಿವು ಕಟ್ಟಿಹೋಗುತ್ತದೆ. ಎರೆಹೊಲದಲ್ಲಿ ನಾಲ್ಕು ದಿನ ನೀರು ನಿಂತರೆ ತೊಗರಿಯ ಬೇರು ಕೊಳೆಯುತ್ತದೆ. 2022ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತಾಂಡೂರು ತೊಗರಿಗೂ ನಿಂತ ನೀರು ಶತ್ರುವೇ. ಮಳೆನೀರು ಎಲ್ಲಿ ದಾಟುತ್ತದೆ ಎಂದು ಇಂಜಿನಿಯರರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೋರಿ ಎಲ್ಲಿ ಬೇಕೆಂದು ಕೆಲಸಕ್ಕೆ ಮೊದಲೇ ಬರೆದುಕೊಡಿ. ನೀರಾವರಿ ಪೈಪು ದಾಟಿಸಲು ರಸ್ತೆಯ ಕೆಳಗೆ ದೊಡ್ಡ ಸಿಮೆಂಟ್ ಪೈಪು ಹಾಕಿಸಿಕೊಳ್ಳಿ. ಡಾಂಬರು ಬಿದ್ದ ಮೇಲೆ ಯಾರೂ ಅಗೆಯಲು ಬಿಡುವುದಿಲ್ಲ. ಅಗೆಯುವಾಗ ಮೇಲಿನ ಒಂದು ಗೇಣು ಫಲವತ್ತಾದ ಮಣ್ಣನ್ನು ಬೇರೆ ತೆಗೆಸಿ, ಉಳಿದ ಹೊಲಕ್ಕೆ ಹರಡಿಕೊಳ್ಳಿ.

ಕೆಲಸ ನಡೆಯುವ ತಿಂಗಳುಗಳಲ್ಲಿ ಧೂಳು ಬೆಳೆಯ ಎಲೆಗೂ ಮಕ್ಕಳ ಎದೆಗೂ ಕೂರುತ್ತದೆ. ದಮ್ಮು ಇರುವವರಿಗೆ, ಕ್ಷಯದ ಔಷಧಿ ತೆಗೆದುಕೊಳ್ಳುವವರಿಗೆ ಇದು ಅಪಾಯ. ದಿನಾಲೂ ನೀರು ಚಿಮುಕಿಸುವಂತೆ ಗುತ್ತಿಗೆದಾರನನ್ನು ಒತ್ತಾಯಿಸಿ. ಜಲ್ಲಿ ಕ್ರಷರಿನಲ್ಲಿ ಕೂಲಿಗೆ ಹೋಗುವವರು ಬರೀ ಸೆರಗು ಮುಚ್ಚಿಕೊಂಡರೆ ಸಾಲದು, ಒಳ್ಳೆಯ ಮಾಸ್ಕು ಬೇಕು. ಕಲ್ಲಿನ ಸಣ್ಣ ಧೂಳು ಪುಪ್ಪುಸಕ್ಕೆ ಸೇರಿದರೆ ಹೊರಬರುವುದಿಲ್ಲ. ಮಣ್ಣು ತೆಗೆದ ಗುಂಡಿಗಳಲ್ಲಿ ಮಳೆಗಾಲದಲ್ಲಿ ಸೊಳ್ಳೆ ಹುಟ್ಟುತ್ತದೆ, ಈಜಲು ಇಳಿದ ಹುಡುಗರ ಪ್ರಾಣವೂ ಹೋಗುತ್ತದೆ. ಗುಂಡಿ ಮುಚ್ಚದೆ ಗುತ್ತಿಗೆದಾರ ಊರು ಬಿಡಬಾರದು. ನಾಲ್ಕು ಪಥದ ರಸ್ತೆಯಾದರೆ ಶಾಲೆ ಮಕ್ಕಳು, ದನಕರುಗಳು ದಾಟಲು ಕೆಳದಾರಿ ಎಲ್ಲಿ ಎಂದು ಮೊದಲೇ ಕೇಳಿ.

ಮನೆ ಕಳೆದುಕೊಂಡ ಮುದುಕರು ಅನ್ನ ಬಿಡುವುದು, ನಿದ್ದೆ ಬಿಡುವುದು ಉಂಟು. ಅದೂ ಕಾಯಿಲೆಯೇ. ಅಂಥವರನ್ನು ಒಂಟಿಯಾಗಿ ಬಿಡಬೇಡಿ.

ಹಣ ಬಂದ ಮೇಲೆ

ಹತ್ತು ವರ್ಷ ದುಡಿದರೂ ಕಾಣದ ಹಣ ಒಂದೇ ದಿನ ಖಾತೆಗೆ ಬಂದಾಗ ಮನಸ್ಸು ಹಿಡಿತಕ್ಕೆ ಸಿಗುವುದು ಕಷ್ಟ. ನೆಂಟರು, ದಲ್ಲಾಳಿಗಳು, ಹೆಂಡದಂಗಡಿ ಎಲ್ಲರೂ ನೆನಪಿಸಿಕೊಳ್ಳುತ್ತಾರೆ. ಮೊದಲ ಮೂರು ತಿಂಗಳು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಜಂಟಿ ಖಾತೆಯಲ್ಲಿಡಿ. ಸಾಹುಕಾರನ ಸಾಲ ತೀರಿಸಿ. ಸಾಧ್ಯವಾದರೆ ಭೂಮಿಗೆ ಭೂಮಿಯನ್ನೇ ಕೊಳ್ಳಿ. ಅದು ಆಗದಿದ್ದರೆ ಉಳಿದ ಹೊಲಕ್ಕೆ ನೀರು ಮಾಡಿಕೊಳ್ಳಿ. ಮೋಟರ್ ಸೈಕಲ್ಲು ಆಮೇಲೆ ಬರಲಿ.

ನೆನಪಿನಲ್ಲಿಡಬೇಕಾದವು

1. ಅಧಿಸೂಚನೆ ಬಂದ ದಿನ ಬರೆದಿಟ್ಟುಕೊಳ್ಳಿ. ಹೆದ್ದಾರಿಗೆ 21 ದಿನ, ರಾಜ್ಯದ ರಸ್ತೆಗೆ 60 ದಿನ.

2. ಬರೀ ಬಾಯಿಮಾತಿನ ಆಕ್ಷೇಪಣೆ ಬೇಡ. ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

3. ಹಣ ಕಡಿಮೆ ಅನ್ನಿಸಿದರೆ 'ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ' ಎಂದು ಬರೆದು ಹಣ ತೆಗೆದುಕೊಳ್ಳಿ. 2013ರ ಕಾಯ್ದೆಯಲ್ಲಿ ಹಾಗೆ ಬರೆಯದೆ ತೆಗೆದುಕೊಂಡವರು ಹೆಚ್ಚಿಗೆ ಕೇಳಲಾರರು. ಆದೇಶದ ದಿನ ನೀವು ಹಾಜರಿದ್ದರೆ ಆರು ವಾರಗಳ ಒಳಗೆ ಕಲೆಕ್ಟರಿಗೆ ಅರ್ಜಿ ಕೊಡಬೇಕು. ಹೆದ್ದಾರಿಯಾದರೆ ಕೇಂದ್ರ ಸರಕಾರ ನೇಮಿಸಿದ ಮಧ್ಯಸ್ಥಗಾರರ ಬಳಿ ಹೋಗಬೇಕು.

4. ಒಬ್ಬೊಬ್ಬರೇ ಹೋಗಬೇಡಿ. ಊರಿನ ಬಾಧಿತರೆಲ್ಲ, ಭೂಮಿ ಇದ್ದವರೂ ಇಲ್ಲದವರೂ, ಒಂದೇ ಪಟ್ಟಿ ಮಾಡಿ ಹೋಗಿ.

ಅರಸುಗಳ ಮೊದಲನೆಯ ಗ್ರಂಥದ 21ನೇ ಅಧ್ಯಾಯದ ನಾಬೋತನ ಕಥೆ ನಿಮಗೆ ಗೊತ್ತು. ಅರಸನಿಗೆ ಕಾಯಿಪಲ್ಯದ ತೋಟಕ್ಕೆ ಅವನ ದ್ರಾಕ್ಷಿತೋಟ ಬೇಕಾಯಿತು. ಪಿತೃಗಳ ಸ್ವತ್ತನ್ನು ಕೊಡಲಾರೆ ಎಂದ ನಾಬೋತ ಪ್ರಾಣವನ್ನೇ ಕಳೆದುಕೊಂಡ. ಊರಿನ ರಸ್ತೆ ಅರಸನ ಕಾಯಿಪಲ್ಯದ ತೋಟವಲ್ಲ, ಅದು ಎಲ್ಲರದು. ಅದಕ್ಕೆ ಭೂಮಿ ಕೊಡುವುದರಲ್ಲಿ ಪುಣ್ಯವಿದೆ. ಆದರೆ ಆ ಕಥೆಯಲ್ಲಿ ನಾವು ಹೆಚ್ಚು ಗಮನಿಸದ ಸಂಗತಿ ಒಂದಿದೆ. ನಾಬೋತನನ್ನು ಕೊಂದದ್ದು ಕತ್ತಿಯಿಂದ ಶುರುವಾಗಲಿಲ್ಲ, ಅರಸನ ಮುದ್ರೆ ಒತ್ತಿದ ಒಂದು ಸುಳ್ಳು ಕಾಗದದಿಂದ ಶುರುವಾಯಿತು. ಊರ ಹಿರಿಯರು ಅದನ್ನು ಓದಿ, ಎದುರು ಮಾತಾಡದೆ ಅದರಲ್ಲಿ ಬರೆದಂತೆಯೇ ಮಾಡಿದರು.

ನಮ್ಮ ಊರುಗಳಲ್ಲಿ ಕಾಗದ ಬಂದಾಗ ಓದುವವರು ಇರಲಿ, ಓದಿದವರು ಸುಮ್ಮನಿರದಿರಲಿ. ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ನೋಡಿಕೊಂಡ ಮೇಲೆ, ನಿಮ್ಮ ಹೊಲದಲ್ಲಿ ಕಳೆ ಕೀಳುವ ಅಕ್ಕನ ಹೆಸರೂ ಇದೆಯೇ ಎಂದು ಒಮ್ಮೆ ನೋಡಿ. ನಿಮ್ಮ ಹೊಲಮನೆಗಳ ಮೇಲೆ ದೇವರ ಆಶೀರ್ವಾದವಿರಲಿ.